ಹಳೆ ಕಾರುಗಳ ಬಳಗದಲ್ಲಿ ಒಂದು ವರ್ಷ



ಹೊಸೂರಿನ ಕಡೆ ನಮ್ಮದೊಂದು ಚಿಕ್ಕ ಬಳಗವಿದೆ. ಹಳೆಯ ಕಾರು ಇಟ್ಟುಕೊಂಡವರ ಬಳಗ. ಕಾರು ಹನ್ನೊಂದು, ಸದಸ್ಯರು ಹದಿನಾಲ್ಕು. ಲೆಕ್ಕ ತಾಳೆಯಾಗಲಿಲ್ಲವಲ್ಲ ಎಂದು ನೀವು ಕೇಳಬಹುದು. ಮೂವರಿಗೆ ಕಾರಿಲ್ಲ, ಆ ಮೂವರಲ್ಲಿ ನಾನೂ ಒಬ್ಬ. ಮೂವತ್ತೆಂಟು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು 2018ರಲ್ಲಿ ನಿವೃತ್ತನಾದಾಗ, ‘ಸುಮ್ಮನೆ ಮನೆಯಲ್ಲಿ ಕೂತು ಏನು ಮಾಡುತ್ತೀರಿ, ನಮ್ಮ ಲೆಕ್ಕ ಬರೆಯಿರಿ’ ಎಂದು ಸೇರಿಸಿಕೊಂಡರು. ಅಂದಿನಿಂದ ಬಳಗದ ಲೆಕ್ಕದ ಪುಸ್ತಕ ನನ್ನ ಬೀರುವಿನಲ್ಲಿದೆ. ಇವತ್ತು ಆ ಪುಸ್ತಕವನ್ನೇ ಮುಂದಿಟ್ಟುಕೊಂಡು ನಾಲ್ಕು ಮಾತು ಹೇಳುತ್ತೇನೆ.

ನಮ್ಮವು ಮಹಾರಾಜರ ಕಾರುಗಳಲ್ಲ. ಐದು ಅಂಬಾಸಿಡರ್, ನಾಲ್ಕು ಫಿಯಟ್, ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್, ಒಂದು ಜೀಪು. ಐವತ್ತು ದಾಟಿದವರಿಗೆ ಇವೆಲ್ಲ ಗುರುತಿನ ಮುಖಗಳೇ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯಲ್ಲಿ ಕಲ್ಕತ್ತೆಯ ಬಳಿಯ ಉತ್ತರಪಾಡಾದಲ್ಲಿ ತಯಾರಾಗುತ್ತಿದ್ದ ಅಂಬಾಸಿಡರ್ 2014ರಲ್ಲಿ ನಿಂತಿತು. ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಫಿಯಟ್ 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಆಯಿತು. ಅದರ ಕಪ್ಪು ಹಳದಿ ಟ್ಯಾಕ್ಸಿಗಳು 2023ರ ಅಕ್ಟೋಬರಿನಲ್ಲಿ ಮುಂಬಯಿಯ ಬೀದಿಗಳಿಗೆ ವಿದಾಯ ಹೇಳಿದವು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಹಿರಿಯರಿಗೆ ಅದಕ್ಕೂ ಹಿಂದಿನ ದುಂಡುಬೆನ್ನಿನ ಫಿಯಟ್ ನೆನಪಿದ್ದೀತು. ಮರಾಠಿಯಲ್ಲಿ ಅದನ್ನು ‘ಡುಕ್ಕರ್ ಫಿಯಟ್’ ಎನ್ನುತ್ತಿದ್ದರು. ಡುಕ್ಕರ್ ಅಂದರೆ ಹಂದಿ, ಪ್ರೀತಿಯಿಂದ ಕರೆದದ್ದೇ. ಹೆರಾಲ್ಡ್ ಮಾತ್ರ ಮದರಾಸಿನದು. ಮುಂದಿನ ಇಡೀ ಮುಖವನ್ನೇ ಮುಂದಕ್ಕೆ ಬಾಗಿಸಿ ತೆರೆಯುವ ಕಾರು ಅದು. ಶಾಲೆಯ ಮಕ್ಕಳು ನಮ್ಮ ಹತ್ತು ಕಾರು ಬಿಟ್ಟು ಅದರ ಸುತ್ತಲೇ ನಿಲ್ಲುತ್ತಾರೆ.

ಈಗ ವಿಷಯಕ್ಕೆ ಬರುತ್ತೇನೆ. 2019ರ ಡಿಸೆಂಬರಿನ ವಾರ್ಷಿಕ ಸಭೆಯಲ್ಲಿ ನಾನು ಲೆಕ್ಕ ಓದಿದೆ. ಕಾಫಿ, ತಿಂಡಿ, ಊಟದ ಬಾಬ್ತು ಹದಿನಾಲ್ಕು ಸಾವಿರದ ಇನ್ನೂರು. ರಿಪೇರಿಗೆಂದು ಬಳಗದಿಂದ ಕೊಟ್ಟದ್ದು ಆರು ಸಾವಿರದ ಐನೂರು. ಕೂಡಲೇ ಒಬ್ಬ ಸದಸ್ಯರು ಎದ್ದು ನಿಂತರು. ‘ಇದೇನು ಕಾರಿನ ಬಳಗವೋ, ವಡೆಯ ಬಳಗವೋ? ತಿಂಗಳಿಗೊಂದು ಸಭೆ, ಹಬ್ಬಕ್ಕೊಂದು ಕೂಟ ಯಾಕೆ ಬೇಕು? ಕೂಟಗಳನ್ನು ಅರ್ಧಕ್ಕೆ ಇಳಿಸಿ, ಆ ಹಣದಲ್ಲಿ ಬಿಡಿ ಭಾಗ ಕೊಳ್ಳೋಣ’ ಎಂದರು. ಮಾತು ಸರಿಯೆಂದೇ ತೋರಿತು. ಕೈ ಎತ್ತಿಸಿದಾಗ ಎಂಟು ಕೈ ಪರವಾಗಿ ಎದ್ದವು. ಅದರಲ್ಲೊಂದು ನನ್ನದು. ಖರ್ಚು ಕಂಡರೆ ಕಡಿಮೆ ಮಾಡು ಎನ್ನುವುದು ಗುಮಾಸ್ತನ ಬುದ್ಧಿ.

ನಾವು ಯಾವುದನ್ನು ಅರ್ಧ ಮಾಡಲು ಹೊರಟಿದ್ದೆವು ಎಂಬುದನ್ನು ನಿಮಗೆ ಹೇಳಬೇಕು.

ವರ್ಷ ಶುರುವಾಗುವುದು ಸಂಕ್ರಾಂತಿಯ ಮರುದಿನ. ದನಗಳಿಗೆ ಮೈ ತೊಳೆಯುವ ದಿನ ನಮ್ಮವರು ಕಾರಿನ ಮೈ ತೊಳೆಯುತ್ತಾರೆ. ಆಮೇಲೆ ಚಂದ್ರಚೂಡೇಶ್ವರನ ತೇರು. ಹೊಸೂರಿನ ಸುತ್ತಿನ ಕನ್ನಡದವರು, ತೆಲುಗಿನವರು, ತಮಿಳಿನವರು ಒಂದೇ ಹಗ್ಗ ಹಿಡಿಯುವ ದಿನ ಅದು. ಅವತ್ತು ಕಾರುಗಳನ್ನು ದೂರದಲ್ಲಿ ನಿಲ್ಲಿಸಿ ಮಜ್ಜಿಗೆ, ಪಾನಕ ಹಂಚುತ್ತೇವೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲಿನ ಪಾಠ. ಬೇಸಗೆಯಲ್ಲಿ ಹಳೆಯ ಕಾರಿನ ಪೈಪಿನಲ್ಲಿ ಪೆಟ್ರೋಲು ಆವಿಯಾಗಿ ಪಂಪು ಎಳೆಯದೆ ನಿಂತುಬಿಡುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯಬೇಕು. ಇದನ್ನು ಮಾವಿನ ಮರದಡಿ ಚಿತ್ರಾನ್ನ ತಿನ್ನುತ್ತ ಕಲಿಯುತ್ತೇವೆ. ಆಗಸ್ಟ್ 15ಕ್ಕೆ ಶಾಲೆಯೊಂದರ ಅಂಗಳದಲ್ಲಿ ಪ್ರದರ್ಶನ. ಆಯುಧಪೂಜೆ ಬಂದರೆ ಕೇಳುವುದೇ ಬೇಡ, ಕುಂಬಳಕಾಯಿ, ನಿಂಬೆಹಣ್ಣು, ಸೇವಂತಿಗೆ ಎಲ್ಲವೂ ಬೇಕು. ನವೆಂಬರಿನಲ್ಲಿ ಡೆಂಕಣಿಕೋಟೆಯ ದಾರಿಯಾಗಿ ತಳಿಗೆ ಒಂದು ದಿನದ ಪ್ರವಾಸ. ಅಲ್ಲಿನ ತಂಪು ನೋಡಿ ಇಂಗ್ಲಿಷರು ತಳಿಯನ್ನು ‘ಪುಟ್ಟ ಇಂಗ್ಲೆಂಡ್’ ಎಂದು ಕರೆದಿದ್ದರು. ಡಿಸೆಂಬರಿನಲ್ಲಿ ನನ್ನ ಲೆಕ್ಕ ಓದುವಿಕೆ. ಇವುಗಳ ನಡುವೆ ತಿಂಗಳ ಮೊದಲ ಭಾನುವಾರ ಮೇಸ್ತ್ರಿಯ ಷೆಡ್ಡಿನಲ್ಲಿ ಕಾಫಿ.

ದೊಡ್ಡವರು ಮಾಡುವುದೂ ಇದನ್ನೇ. 1896ರ ನವೆಂಬರ್ 14ರಂದು ಇಂಗ್ಲೆಂಡಿನಲ್ಲಿ ಮೋಟಾರಿನ ವೇಗದ ಮಿತಿಯನ್ನು ಗಂಟೆಗೆ ಹದಿನಾಲ್ಕು ಮೈಲಿಗೆ ಏರಿಸಿದರು. ಆ ಸಂತೋಷಕ್ಕೆ ಲಂಡನ್ನಿನಿಂದ ಬ್ರೈಟನ್‌ವರೆಗೆ ಮೋಟಾರುಗಳ ಓಟ ನಡೆಯಿತು. ಅದರ ನೆನಪಿಗೆ 1927ರಿಂದ ನವೆಂಬರಿನಲ್ಲಿ 1905ಕ್ಕೂ ಹಿಂದಿನ ಕಾರುಗಳು ಅದೇ ಊರುಗಳ ನಡುವೆ ಓಡುತ್ತಿವೆ, ದೂರ ಸುಮಾರು ಅರವತ್ತು ಮೈಲಿ. ಯುದ್ಧದಂಥ ಕಾರಣಕ್ಕೆ ಕೆಲವು ವರ್ಷ ಮಾತ್ರ ತಪ್ಪಿತು. ನಮ್ಮ ದೆಹಲಿಯಲ್ಲೂ 1964ರಲ್ಲಿ ಸ್ಟೇಟ್ಸ್‌ಮನ್ ಪತ್ರಿಕೆಯವರು ಹಳೆ ಕಾರುಗಳ ಮೆರವಣಿಗೆ ಶುರು ಮಾಡಿದರು. ಅವೆಲ್ಲ ತೇರಾದರೆ ನಮ್ಮದು ಮನೆಬಾಗಿಲಿನ ಪುಟ್ಟ ಪಲ್ಲಕ್ಕಿ, ಅಷ್ಟೇ ವ್ಯತ್ಯಾಸ.

ಈಗ ಮೇಸ್ತ್ರಿಯ ವಿಷಯ. ಎಪ್ಪತ್ತರ ಗಡಿಯಲ್ಲಿದ್ದ ಮನುಷ್ಯ. ಮನೆಯಲ್ಲಿ ಉರ್ದು, ನಮ್ಮೊಡನೆ ಕನ್ನಡ, ಗಿರಾಕಿ ನೋಡಿ ತಮಿಳು ಅಥವಾ ತೆಲುಗು. ನಾಲ್ಕು ಭಾಷೆ ಆಡುತ್ತಿದ್ದರು, ಒಂದರಲ್ಲೂ ಓದು ಬರಹ ಬರುತ್ತಿರಲಿಲ್ಲ. ಡೆಲ್ಕೋದೊಳಗಿನ ಪಾಯಿಂಟಿನ ಸಂದನ್ನು ಅಳೆಯಲು ಅವರಿಗೆ ಗೇಜು ಬೇಡ, ಮಡಿಸಿದ ಪೋಸ್ಟ್ ಕಾರ್ಡ್ ಸಾಕು. ಕಾಫಿ ಕುಡಿಯುತ್ತಲೇ ಯಾರದೋ ಕಾರಿನ ಸದ್ದು ಕೇಳಿ, ‘ಸಾಬ್, ಎರಡನೇ ವಾಲ್ವ್ ಬಿಗಿಯಾಗಿದೆ’ ಎನ್ನುತ್ತಿದ್ದರು. ಬಾನೆಟ್ ತೆಗೆದರೆ ಹಾಗೇ ಇರುತ್ತಿತ್ತು. ನಾವು ನಗುತ್ತಿದ್ದೆವು. ಅದನ್ನು ಯಾರೂ ಬರೆದಿಡಲಿಲ್ಲ. ದಿನವೂ ಸಿಗುವ ಮನುಷ್ಯನ ಮಾತನ್ನು ಯಾರು ಬರೆದಿಡುತ್ತಾರೆ?

ಕೂಟಗಳನ್ನು ಅರ್ಧ ಮಾಡೋಣ ಎಂದು ನಾವು ಕೈ ಎತ್ತಿದ ಮೂರು ತಿಂಗಳಿಗೆ, 2020ರ ಮಾರ್ಚ್ ಕೊನೆಯಲ್ಲಿ, ದೇಶವೇ ಬಾಗಿಲು ಹಾಕಿತು. ನಮಗೆ ಇನ್ನೊಂದು ತೊಡಕೂ ಇತ್ತು. ಐವರು ಸದಸ್ಯರು ಅತ್ತಿಬೆಲೆ, ಆನೇಕಲ್ ಕಡೆಯವರು. ದಿನವೂ ದಾಟುತ್ತಿದ್ದ ಗಡಿಗೆ ಅಡ್ಡಗಟ್ಟೆ ಬಿತ್ತು, ಪಾಸು ಬೇಕಾಯಿತು. ಗಡಿಯಲ್ಲಿರುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾರುಗಳು ಷೆಡ್ಡಿನಲ್ಲೇ ಉಳಿದವು. 2021ರ ಮೇ ತಿಂಗಳಲ್ಲಿ ಮೇಸ್ತ್ರಿ ತೀರಿಕೊಂಡರು. ಮಣ್ಣಿಗೂ ನಾವು ಹೋಗಲಾಗಲಿಲ್ಲ.

2022ರ ಸಂಕ್ರಾಂತಿಯ ಹೊತ್ತಿಗೆ ಎಲ್ಲರೂ ಷೆಡ್ ತೆಗೆದು ನೋಡಿದರು. ಹನ್ನೊಂದರಲ್ಲಿ ಏಳು ಕಾರು ಕದಲಲಿಲ್ಲ. ಯಾವುದೂ ಅಪಘಾತದಿಂದ ಕೆಟ್ಟದ್ದಲ್ಲ, ಯಾರೂ ತಪ್ಪಾಗಿ ಓಡಿಸಿ ಕೆಡಿಸಿದ್ದಲ್ಲ. ಸುಮ್ಮನೆ ನಿಂತು ಕೆಟ್ಟವು. ನಿಂತ ಪೆಟ್ರೋಲಿನ ಹಗುರ ಅಂಶ ಆರಿಹೋಗಿ ಉಳಿದದ್ದು ಅಂಟಾಗುತ್ತದೆ, ಕಾರ್ಬುರೇಟರಿನ ಕೂದಲೆಳೆಯಂಥ ರಂಧ್ರ ಮುಚ್ಚಿಕೊಳ್ಳುತ್ತದೆ. ಬ್ರೇಕ್ ಎಣ್ಣೆ ಗಾಳಿಯ ತೇವ ಹೀರಿ ಸಿಲಿಂಡರಿಗೆ ತುಕ್ಕು ಹಿಡಿಸುತ್ತದೆ. ಕ್ಲಚ್ ಪ್ಲೇಟು ತುಕ್ಕಿನಿಂದ ಚಕ್ರಕ್ಕೆ ಕಚ್ಚಿಕೊಳ್ಳುತ್ತದೆ. ಒಂದೇ ಕಡೆ ಭಾರ ಬಿದ್ದ ಟೈರು ಚಪ್ಪಟೆಯಾಗುತ್ತದೆ. ಬ್ಯಾಟರಿ ಸಾಯುತ್ತದೆ. ಸೀಟಿನೊಳಗೆ ಇಲಿ ಸಂಸಾರ ಹೂಡಿ ವೈರು ಕಡಿಯುತ್ತದೆ. ಆ ವರ್ಷ ರಿಪೇರಿಯ ಬಾಬ್ತು ಅರವತ್ತೊಂದು ಸಾವಿರ ದಾಟಿತು. ಅದೂ ಬಳಗ ಕೊಟ್ಟದ್ದು ಮಾತ್ರ, ಮಾಲೀಕರು ಕೈಯಿಂದ ಹಾಕಿದ್ದು ಬೇರೆ. ಒಬ್ಬರು ಬೇಸತ್ತು ತಂದೆಯ ಕಾಲದ ಕಾರನ್ನು ಗುಜರಿಯವನಿಗೆ ತೂಕದ ಲೆಕ್ಕದಲ್ಲಿ ಕೊಡಲು ಮಾತಾಡಿಯೂ ಆಗಿತ್ತು. ಮೂವರು ಹೋಗಿ ಕೂತು ಮಾತಾಡಿ ತಡೆದೆವು.

ಆ ಡಿಸೆಂಬರಿನಲ್ಲಿ ನಾನು ಎರಡು ವರ್ಷದ ಪುಟಗಳನ್ನೂ ಅಕ್ಕಪಕ್ಕ ಇಟ್ಟು ಓದಿದೆ. 2019ರಲ್ಲಿ ಕಾಫಿ ತಿಂಡಿ ಹದಿನಾಲ್ಕು ಸಾವಿರ ಚಿಲ್ಲರೆ, ರಿಪೇರಿ ಆರೂವರೆ ಸಾವಿರ. 2020, 2021ರಲ್ಲಿ ಕಾಫಿಯ ಬಾಬ್ತು ಹೆಚ್ಚುಕಡಿಮೆ ಸೊನ್ನೆ. 2022ರಲ್ಲಿ ರಿಪೇರಿ ಅರವತ್ತೊಂದು ಸಾವಿರ. ಸಭೆಯಲ್ಲಿ ಯಾರೂ ಮಾತಾಡಲಿಲ್ಲ. ವಡೆಯ ಮಾತೆತ್ತಿದ್ದ ಸದಸ್ಯರೇ ಕೊನೆಗೆ, ‘ಹಾಗಾದರೆ ಕಾಫಿಯನ್ನು ರಿಪೇರಿಯ ಬಾಬ್ತಿನಲ್ಲೇ ಬರೆಯಿರಿ’ ಎಂದರು. ಬ್ಯಾಂಕಿನಲ್ಲಿ ಹಾಗೆ ಬರೆದಿದ್ದರೆ ಮೆಮೋ ಕೊಡುತ್ತಿದ್ದರು. ಬಳಗದ ಪುಸ್ತಕದಲ್ಲಿ ಬರೆದೆ.

ಯಾಕೆಂದರೆ ತಿಂಗಳ ಭಾನುವಾರ ಕಾಫಿಗೆ ಬರಬೇಕಾದರೆ ಕಾರು ಶನಿವಾರವೇ ಒಮ್ಮೆ ಸ್ಟಾರ್ಟ್ ಆಗಬೇಕು. ತಳಿಯ ಏರು ಹತ್ತಬೇಕಾದರೆ ಬ್ರೇಕು ನೋಡಿಸಬೇಕು. ನಾಲ್ಕು ಜನರೆದುರು ನಿಲ್ಲಿಸಬೇಕಾದರೆ ತುಕ್ಕು ಕೆರೆಯಬೇಕು. ತೇರನ್ನೇ ನೋಡಿ. ಎಳೆಯುವ ದಿನ ಗೊತ್ತಾಗಿರುವುದರಿಂದಲೇ ಬಡಗಿ ಅದರ ಅಚ್ಚನ್ನು ಮುಟ್ಟಿ ನೋಡುತ್ತಾನೆ. ಎಳೆಯದ ತೇರಿಗೆ ಗೆದ್ದಲೇ ಭಕ್ತರು.

ಸರ್ಕಾರದ ಕಾನೂನೂ ಅದನ್ನೇ ಹೇಳುತ್ತದೆ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಹಳೆಯ ವಾಹನಗಳ ನೋಂದಣಿಗೆ ಬೇರೆಯೇ ನಿಯಮ ತಂದಿತು. ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿ, ಮೂಲರೂಪ ಉಳಿಸಿಕೊಂಡಿರುವ ಕಾರು, ಸ್ಕೂಟರುಗಳು ‘ವಿಂಟೇಜ್’ ಎಂದು ನೋಂದಣಿ ಪಡೆಯಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000, ಅವಧಿ ಹತ್ತು ವರ್ಷ ಎಂದು ಗೊತ್ತುಪಡಿಸಿದರು. ಹೊಸದಾಗಿ ನೋಂದಣಿಯಾಗುವ ಗಾಡಿಯ ಸಂಖ್ಯೆಯಲ್ಲಿ ‘ವಿ ಎ’ ಎಂಬ ಅಕ್ಷರಗಳು ಬರುತ್ತವೆ. ಮೊದಲೇ ನೋಂದಣಿಯಾದದ್ದು ತನ್ನ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಆದರೆ ಹಾಗೆ ನೋಂದಾಯಿಸಿದ ಮೇಲೆ ಅದರಲ್ಲಿ ದಿನಾ ಸಂತೆಗೆ ಹೋಗುವಂತಿಲ್ಲ, ಬಾಡಿಗೆಗೂ ಓಡಿಸುವಂತಿಲ್ಲ. ಪ್ರದರ್ಶನ, ಸಂಶೋಧನೆ, ಹಳೆ ಕಾರುಗಳ ರ‍್ಯಾಲಿ, ಪೆಟ್ರೋಲು ಹಾಕಿಸುವುದು, ರಿಪೇರಿ, ಇಂಥವಕ್ಕೆ ಮಾತ್ರ ರಸ್ತೆಗೆ ತರಬಹುದು. ಅಂದರೆ ಕೂಟವೇ ಇಲ್ಲದಿದ್ದರೆ ಆ ಕಾರಿಗೆ ಷೆಡ್ಡು ಬಿಟ್ಟು ಹೊರಡಲು ಕಾರಣವೇ ಹೆಚ್ಚಿಗೆ ಉಳಿಯುವುದಿಲ್ಲ.

ಈಗ ನಮ್ಮ ವರ್ಷಕ್ಕೆ ಒಂದು ಹೊಸ ದಿನ ಸೇರಿದೆ. ಮೇ ತಿಂಗಳಲ್ಲಿ, ಮೇಸ್ತ್ರಿಯ ಹೆಸರಿನಲ್ಲಿ, ಒಂದು ಕಲಿಕೆಯ ದಿನ. ಅವರ ಬಳಿ ಕೆಲಸ ಮಾಡುತ್ತಿದ್ದ ಹುಡುಗ ಒಂದೊಂದು ಭಾಗ ಬಿಚ್ಚಿ ತೋರಿಸುತ್ತಾನೆ, ನಾನು ಬರೆದುಕೊಳ್ಳುತ್ತೇನೆ. ಭಾಗದ ಹೆಸರು, ಅಳತೆ, ಸದ್ದಿನ ಲಕ್ಷಣ. ಕನ್ನಡದಲ್ಲಿ ನಾನು ಬರೆದದ್ದನ್ನು ಇನ್ನಿಬ್ಬರು ಎದುರು ಪುಟದಲ್ಲಿ ತಮಿಳು, ತೆಲುಗಿನಲ್ಲಿ ಬರೆಯುತ್ತಾರೆ. ನೂರನಲವತ್ತು ಪುಟವಾಗಿದೆ. ಆದರೂ ನಮ್ಮ ಒಂದು ಕಾರು ಸಿಗ್ನಲ್ಲಿನಲ್ಲಿ ನಿಂತರೆ ಆರಿಹೋಗುತ್ತದೆ. ಮೇಸ್ತ್ರಿ ಅದಕ್ಕೆ ಏನೋ ಒಂದು ತಿರುವು ಕೊಡುತ್ತಿದ್ದರು, ಸರಿಯಾಗುತ್ತಿತ್ತು. ಆ ತಿರುವು ಎಷ್ಟು, ಯಾವ ಕಡೆಗೆ ಎಂಬುದು ಪುಸ್ತಕದಲ್ಲಿಲ್ಲ. 2020ರ ಭಾನುವಾರಗಳಲ್ಲಿ ಕೇಳಬಹುದಿತ್ತು.

ಬಂಧುಗಳೇ, ನಿಮ್ಮ ಊರಿನಲ್ಲೂ ಯಾರದೋ ಕೊಟ್ಟಿಗೆಯಲ್ಲಿ ಹುಲ್ಲಿನ ಹೊರೆಯ ಹಿಂದೆ ಒಂದು ಅಂಬಾಸಿಡರೋ, ಜೀಪೋ, ಹಳೆಯ ಸ್ಕೂಟರೋ ನಿಂತಿರಬಹುದು. ಮೊದಲು ಅದರ ಕಾಗದಪತ್ರ ಹುಡುಕಿ ಜೋಪಾನ ಮಾಡಿ. ಟ್ಯಾಂಕಿನ ಹಳೆ ಪೆಟ್ರೋಲನ್ನು ಹೊರಗೆ ತೆಗೆಯಿರಿ. 2025ರ ಹೊತ್ತಿಗೆ ನಮ್ಮ ಬಂಕುಗಳ ಪೆಟ್ರೋಲಿನಲ್ಲಿ ಎಥೆನಾಲ್ ಶೇಕಡಾ 20ರವರೆಗೆ ಬಂದಿದೆ. ಅದು ತೇವ ಎಳೆಯುತ್ತದೆ, ಹಳೆಯ ರಬ್ಬರನ್ನು ತಿನ್ನುತ್ತದೆ. ಆದ್ದರಿಂದ ರಬ್ಬರ್ ಪೈಪು ಬದಲಿಸಿ, ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಪೆಟ್ರೋಲು ನಿಲ್ಲಿಸಬೇಡಿ. ಬ್ರೇಕ್ ನೋಡಿಸದೆ ಮಾತ್ರ ರಸ್ತೆಗೆ ಇಳಿಸಬೇಡಿ. ಆಮೇಲೆ ಅಂಥದೇ ಗಾಡಿ ಇಟ್ಟುಕೊಂಡ ಇನ್ನೊಬ್ಬರನ್ನು ಹುಡುಕಿ. ಇಬ್ಬರಿದ್ದರೆ ಬಳಗವಾಯಿತು. ತಿಂಗಳಿಗೊಂದು ದಿನ ಗೊತ್ತುಮಾಡಿ, ಕಾಫಿ ಇಡಿ. ನಿಮ್ಮ ಊರಿನ ಹಳೆ ಮೇಸ್ತ್ರಿಯನ್ನೂ ಕರೆಯಿರಿ, ಒಂದು ನೋಟುಪುಸ್ತಕ ಪಕ್ಕದಲ್ಲಿಟ್ಟುಕೊಳ್ಳಿ.

ಖರ್ಚಾಗುತ್ತದೆ, ನಿಜ. ಯಾವ ಬಾಬ್ತಿನಲ್ಲಿ ಬರೆಯಬೇಕೆಂಬುದನ್ನು ಆಗಲೇ ಹೇಳಿದ್ದೇನೆ.