ಗುರುಮಠದ ದೀರ್ಘ ವ್ಯಾಸಂಗ
(ಶತಮಾನೋತ್ಸವದ ಸಭೆಯಲ್ಲಿ ವಿಚಾರಣಾ ಗುರುಗಳು ಮಾಡಿದ ಭಾಷಣ)



 ನೂರು ವರ್ಷಗಳ ಇತಿಹಾಸವನ್ನು ಹಿರಿಯರು ಈಗಾಗಲೇ ವಿವರಿಸಿದ್ದಾರೆ. ನಾವು ಬೇರೊಂದು ವಿಷಯವನ್ನು ಎತ್ತಿಕೊಳ್ಳುತ್ತೇವೆ. ಮಗನನ್ನು ಗುರುಮಠಕ್ಕೆ ಕಳುಹಿಸುವಿರಾ ಎಂದು ಕೇಳಿದಾಗಲೆಲ್ಲ ಈ ಭಾಗದ ತಂದೆತಾಯಿಯರು ನಮಗೆ ಹಾಕುವ ಮರುಪ್ರಶ್ನೆ ಒಂದೇ: "ಪೂಜೆ ಮಾಡೋದು ಕಲಿಯಾಕ ಹತ್ತು ವರ್ಷ ಯಾಕ ಬೇಕ್ರೀ ಸ್ವಾಮಿ? ಅಷ್ಟರಾಗ ಡಾಕ್ಟರಾಗಿ ಬರ್ತಾನಲ್ರೀ!"

ಈ ಪ್ರಶ್ನೆ ಹಗುರವಾದುದಲ್ಲ. ಉಪಕಾಲುವೆಯ ಕೊನೆಯಂಚಿನ ಹೊಲಕ್ಕೆ ನೀರು ಬಾರದ ವರ್ಷ, ಓದಿದ ಮಗನ ಸಂಬಳವೇ ಮನೆಗೆ ಆಧಾರ. ಅಂಥ ಮನೆಯಿಂದ ಒಬ್ಬ ಮಗನನ್ನು ಬೇಡುವವರು ಉತ್ತರ ಕೊಡುವ ಹೊಣೆಯನ್ನೂ ಹೊರಬೇಕು.

ಮೊದಲು ವರ್ಷಗಳ ಲೆಕ್ಕ. 1983ರ ಧರ್ಮಸಭಾ ಸಂಹಿತೆಯ ಪ್ರಕಾರ ತತ್ವಶಾಸ್ತ್ರಕ್ಕೆ ಪೂರ್ಣ 2 ವರ್ಷ, ದೈವಶಾಸ್ತ್ರಕ್ಕೆ ಪೂರ್ಣ 4 ವರ್ಷ, ಒಟ್ಟು ಕನಿಷ್ಠ 6 ವರ್ಷಗಳ ವ್ಯಾಸಂಗ. 2016ರಲ್ಲಿ ರೋಮ್ ಹೊರಡಿಸಿದ ಮಾರ್ಗಸೂಚಿಯಂತೆ ಇದಕ್ಕೆ ಮುನ್ನ ಒಂದೆರಡು ವರ್ಷಗಳ ಪೂರ್ವಸಿದ್ಧತೆ ಆಗಬೇಕು. ನಡುವೆ ಯಾವುದಾದರೊಂದು ವಿಚಾರಣೆಯಲ್ಲೋ ಶಾಲೆಯಲ್ಲೋ ದುಡಿಯುವ ಅವಧಿ. ಕೊನೆಗೆ ಸೇವಾದರ್ಶಿ ದೀಕ್ಷೆ. ಅದಾಗಿ ಕನಿಷ್ಠ 6 ತಿಂಗಳಾದ ಮೇಲೆ ಗುರುದೀಕ್ಷೆ. ಪೂಜೆಯ ವಿಧಿಯನ್ನಷ್ಟೇ ಕಲಿಸುವುದಾದರೆ ಒಂದು ಮಳೆಗಾಲ ಸಾಕು. ಆದರೆ ಪಾಪನಿವೇದನೆಗೆ ಬಂದ ಕುಡುಕನ ಹೆಂಡತಿ, "ಇಂಥ ಗಂಡನ ಜೊತೆ ಇರುವುದು ದೇವರ ಚಿತ್ತವೇ?" ಎಂದು ಕೇಳಿದರೆ, ಅರ್ಧಂಬರ್ಧ ಕಲಿತವನ ಉತ್ತರ ಒಂದು ಬಾಳನ್ನೇ ಕೆಡಿಸಬಲ್ಲದು.

ಗುರುಮಠವೂ ಆದಿಯಿಂದ ಇದ್ದ ಸಂಸ್ಥೆಯಲ್ಲ. ಹಿಂದೆ ಅನೇಕರು ಹಿರಿಯ ಗುರುವೊಬ್ಬರ ಬಳಿ ಇದ್ದು ತಿಳಿದಷ್ಟು ಕಲಿತು ದೀಕ್ಷೆ ಪಡೆಯುತ್ತಿದ್ದರು. ಅದರ ದುಷ್ಫಲಗಳನ್ನು ಕಂಡ ತ್ರೆಂತ್ ಮಹಾಸಭೆ, ಪ್ರತಿ ಧರ್ಮಕ್ಷೇತ್ರವೂ ಗುರುಮಠವನ್ನು ಸ್ಥಾಪಿಸಬೇಕೆಂದು 1563ರ ಜುಲೈ 15ರಂದು ವಿಧಿಸಿತು. ಬಡವರ ಮಕ್ಕಳನ್ನೇ ವಿಶೇಷವಾಗಿ ಆರಿಸಿಕೊಳ್ಳಬೇಕು, ಉಳ್ಳವರ ಮಕ್ಕಳು ಸ್ವಂತ ಖರ್ಚಿನಲ್ಲಿ ಓದಲಿ ಎಂಬುದೂ ಅದೇ ಆಜ್ಞೆಯಲ್ಲಿದೆ. ಈ ಮಾತನ್ನು ನಮ್ಮ ಕೂಲಿಕಾರ ಕುಟುಂಬಗಳು ವಿಶೇಷವಾಗಿ ಗಮನಿಸಬೇಕು.

ಈ ವಿದ್ಯೆ ನಮ್ಮ ನಾಡಿನವರಿಗೆ ಸುಲಭವಾಗಿ ದಕ್ಕಿದ್ದೂ ಅಲ್ಲ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಕಥೋಲಿಕ ಸಮುದಾಯ ವಿಜಾಪುರದ ಆದಿಲ್ ಶಾಹಿಗಳ ಕಾಲದಷ್ಟು ಹಳೆಯದೆಂದು ನಿಮಗೆ ಗೊತ್ತು. ಆ ಕಾಲದಲ್ಲಿ ಗೋವೆಯ ದಿವಾಡಿ ದ್ವೀಪದ ಮತೆವುಸ್ ದೆ ಕಾಸ್ತ್ರೊ ಎಂಬ ಯುವಕ ಗುರುವಾಗಬಯಸಿದ. ಊರಿನಲ್ಲಿ ದೀಕ್ಷೆ ದೊರೆಯಲಿಲ್ಲ. ದೇಶೀಯರಿಗೆ ಆ ಪದವಿಯನ್ನು ಕೊಡಲು ಹಿಂಜರಿಯುತ್ತಿದ್ದ ದಿನಗಳವು. ಆತ ಎದೆಗುಂದದೆ ರೋಮ್ ನಗರಕ್ಕೆ ಹೋಗಿ, ಅಲ್ಲಿ ಓದಿ ಯಾಜಕರಾದರು. 1637ರಲ್ಲಿ ಧರ್ಮಾಧ್ಯಕ್ಷರಾಗಿ ಅಭಿಷಿಕ್ತರಾದರು. ಲತೀನ್ ಸಂಪ್ರದಾಯದಲ್ಲಿ ಧರ್ಮಾಧ್ಯಕ್ಷರಾದ ಮೊದಲ ಭಾರತೀಯರು ಅವರೇ. ಅವರಿಗೆ ವಹಿಸಿದ ಸೀಮೆ ಯಾವುದು ಬಲ್ಲಿರಾ? ವಿಜಾಪುರದ ಆದಿಲ್ ಶಾಹಿ ರಾಜ್ಯ! ಇಂದು ರಾಯಚೂರಿನಿಂದ ಬೆಂಗಳೂರಿಗೆ ರಾತ್ರಿ ಬಸ್ಸು ಹತ್ತುವ ಹುಡುಗನಿಗೆ ಇದನ್ನು ಹೇಳಿ ಕಳುಹಿಸಿರಿ.

ಅನಂತರವೂ ದೇಶೀಯ ಗುರುಗಳಿಗೆ ಕಡಿಮೆ ಓದು ಸಾಕೆಂಬ ಭಾವನೆ ಬಹುಕಾಲ ಉಳಿಯಿತು. 1919ರಲ್ಲಿ ಹದಿನೈದನೆಯ ಬೆನೆಡಿಕ್ಟ್ ಜಗದ್ಗುರುಗಳು ಅದನ್ನು ಸ್ಪಷ್ಟವಾಗಿ ತಳ್ಳಿಹಾಕಿದರು: ದೇಶೀಯ ಗುರುಗಳು ವಿದೇಶಿಯರ ಸಹಾಯಕರಾಗಿ ಉಳಿಯಕೂಡದು, ಪರಿಪೂರ್ಣ ಶಿಕ್ಷಣ ಪಡೆದು ತಮ್ಮ ಜನರನ್ನು ತಾವೇ ನಡೆಸಬಲ್ಲವರಾಗಬೇಕು ಎಂದರು. ಮಂಗಳೂರಿನ ಜೆಪ್ಪುವಿನಲ್ಲಿ ಗುರುಮಠ 1879ರಲ್ಲೇ ಆರಂಭವಾಗಿತ್ತು. ಪಾಂಡಿಚೇರಿಯಲ್ಲಿ ಹುಟ್ಟಿದ ಸಂತ ಪೇತ್ರರ ಗುರುಮಠ 1934ರಲ್ಲಿ ಬೆಂಗಳೂರಿನ ಮಲ್ಲೇಶ್ವರಕ್ಕೆ ಬಂದಿತು. ಮತೆವುಸರು ಸಮುದ್ರದಾಚೆ ಅರಸಿಹೋದದ್ದು ನಮಗೆ ಒಂದು ರಾತ್ರಿಯ ದಾರಿಯಾಗಿದೆ. ಹೀಗಿರುವಾಗ ವರ್ಷಗಳನ್ನು ಕಡಿಮೆ ಮಾಡಿರೆಂದು ನಾವೇ ಕೇಳುವುದು ತರವೇ?

ಮಸ್ಕಿಯವರಿಗೆ ಇನ್ನೊಂದು ಮಾತು. ನಿಮ್ಮ ಊರಿನ ಬಂಡೆಯ ಶಾಸನ ಎರಡು ಸಾವಿರ ವರ್ಷಗಳಿಗೂ ಮೇಲ್ಪಟ್ಟು ಅಲ್ಲೇ ಇತ್ತು. ಚಿನ್ನ ಹುಡುಕಿ ಬಂದ ಎಂಜಿನಿಯರ್ ಬೀಡನ್ ಅವರ ಕಣ್ಣಿಗೆ ಅದು 1915ರಲ್ಲಿ ಬಿತ್ತು. ದೇವಾನಾಂಪ್ರಿಯನೆಂಬ ಅರಸ ಅಶೋಕನೇ ಎಂದು ಲೋಕಕ್ಕೆ ಖಚಿತವಾದದ್ದು ಆಗ. ಅಕ್ಷರ ಕಣ್ಣೆದುರಿಗೇ ಇದ್ದರೂ ಬ್ರಾಹ್ಮೀ ಲಿಪಿ, ಪ್ರಾಕೃತ ಭಾಷೆ ಬಲ್ಲವರು ಬರುವ ತನಕ ಬಂಡೆ ಬಾಯಿ ಬಿಡಲಿಲ್ಲ. ಹೀಬ್ರೂ, ಗ್ರೀಕ್ ಮೂಲದ ಪವಿತ್ರ ಗ್ರಂಥವನ್ನು ಬೋಧಿಸುವವನು ಏಕೆ ಅಷ್ಟು ಓದಬೇಕೆಂಬುದು ಈ ಬಂಡೆಯಿಂದಲೇ ತಿಳಿಯುತ್ತದೆ.

ಆದರೆ ಈ ವ್ಯಾಸಂಗದಲ್ಲಿ ಒಂದು ಅಪಾಯವೂ ಇದೆ. ಅದನ್ನು ಮರೆಮಾಚುವುದು ಸರಿಯಲ್ಲ. ಇಂಗ್ಲಿಷ್ ಪುಸ್ತಕಗಳ ನಡುವೆ ವರ್ಷಗಟ್ಟಲೆ ಇದ್ದವನು ತನ್ನ ಅವ್ವನಿಗೇ ತಿಳಿಯದ ಕನ್ನಡದಲ್ಲಿ ಪ್ರಬೋಧನೆ ಮಾಡತೊಡಗುತ್ತಾನೆ. ಗುರುವಿದ್ಯಾರ್ಥಿಗೆ ಲತೀನಿನ ಜೊತೆಗೆ ತಾಯ್ನುಡಿಯೂ ಚೆನ್ನಾಗಿ ಬರಬೇಕೆಂದು ಸಂಹಿತೆಯೇ ಹೇಳುತ್ತದೆ. ಹೊರನಾಡಿನಿಂದ ಬಂದ ಮೈಸೂರು ಮಿಷನ್ನಿನ ಗುರುಗಳು ಕನ್ನಡ ಕಲಿತು, 1861ರಲ್ಲಿ ಬೆಂಗಳೂರಿನಲ್ಲಿ ಲತೀನ್-ಕನ್ನಡ ನಿಘಂಟನ್ನೇ ಅಚ್ಚು ಹಾಕಿಸಿದರು. ಈ ನೆಲದಲ್ಲೇ ಹುಟ್ಟಿದವನಿಗೆ ಕನ್ನಡ ತೊಡರಿದರೆ ಅದು ನಾಚಿಕೆಗೇಡು.

ಈ ಕೊರತೆಯನ್ನು ಗುರುಮಠವೊಂದೇ ತುಂಬಲಾರದು, ನೀವೂ ಕೈಜೋಡಿಸಬೇಕು. ಬೇಸಿಗೆ ರಜೆಗೆ ಬಂದ ಬ್ರದರನ್ನು ಕುರ್ಚಿಯಲ್ಲಿ ಕೂರಿಸಿ ಚಹಾ ಕೊಟ್ಟು ಕಳುಹಿಸಬೇಡಿರಿ. ಭತ್ತದ ಕೊಯ್ಲಿಗೆ ಕರೆದೊಯ್ಯಿರಿ, ರೋಗಿಗಳ ಮನೆಗೆ ಕರೆದೊಯ್ಯಿರಿ. ಅವನು ಮಾತನಾಡಿದ ಮೇಲೆ ಯಾವ ವಾಕ್ಯ ತಿಳಿಯಲಿಲ್ಲವೆಂದು ಮುಖಕ್ಕೇ ಹೇಳಿರಿ; ಪ್ರಾಧ್ಯಾಪಕರು ಕೊಡಲಾರದ ಅಂಕ ಅದು.

ಇನ್ನು, ನಡುವೆಯೇ ಮರಳಿ ಬಂದವನ ವಿಷಯ. ದೀರ್ಘ ವ್ಯಾಸಂಗವಿರುವುದು ಕರೆಯನ್ನು ಪರೀಕ್ಷಿಸಲಿಕ್ಕೂ ಹೌದು. ಕೆಲವರು ತಮಗೆ ಈ ದಾರಿ ಅಲ್ಲವೆಂದು ತಿಳಿದು ಮನೆಗೆ ಬರುತ್ತಾರೆ. ಅಂಥವರನ್ನು ಓಡಿಬಂದವರೆಂದು ಹಂಗಿಸುವುದನ್ನೂ, ಹೆಣ್ಣು ಕೊಡಲು ಹಿಂದೆಗೆಯುವುದನ್ನೂ ನಾವು ಕಂಡಿದ್ದೇವೆ. ಎಷ್ಟೋ ತಾಯಂದಿರು ಮಗನನ್ನು ಕಳುಹಿಸಲು ಅಂಜುವುದು ಹತ್ತು ವರ್ಷಗಳಿಗಲ್ಲ, ಈ ಮಾತುಗಳಿಗೆ. ಮರಳಿ ಬಂದ ಹುಡುಗ ಮೂರು ವರ್ಷ ತತ್ವಶಾಸ್ತ್ರ ಓದಿದ್ದರೆ, ಮುಂದಿನ ಭಾನುವಾರದಿಂದಲೇ ಮಕ್ಕಳ ಧರ್ಮೋಪದೇಶದ ತರಗತಿಯನ್ನು ಅವನ ಕೈಗೆ ಒಪ್ಪಿಸಿರಿ.