ಕುಂಟೆಬಿಲ್ಲೆಯ ಪಾಠ



ನಾನೀಗ ಇಂಗ್ಲೆಂಡಿನಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಕೊರೊನಾದಿಂದಾಗಿ 2020ರ ಮಾರ್ಚ್ 20ರ ಸಂಜೆ ಅಲ್ಲಿನ ಶಾಲೆಗಳು ಮುಚ್ಚಿದವು. ಆದರೆ ನರ್ಸ್, ಆಂಬುಲೆನ್ಸ್ ಸಿಬ್ಬಂದಿ, ದಿನಸಿ ಅಂಗಡಿಯವರು ಕೆಲಸಕ್ಕೆ ಹೋಗಲೇಬೇಕಿತ್ತು. ಅಂಥವರ ಮಕ್ಕಳಿಗೆ ಬಾಗಿಲು ತೆರೆದೇ ಇತ್ತು.

ನನ್ನ ಬಳಿ ಒಂಬತ್ತು ಮಕ್ಕಳಿದ್ದರು. ಸೋಂಕಿನ ಹೆದರಿಕೆಯಿಂದ ಮೊದಲ ವಾರ ಎಲ್ಲವನ್ನೂ ನಿಲ್ಲಿಸಿಬಿಟ್ಟೆ. ಚೆಂಡಿಲ್ಲ, ಹಾಡಿಲ್ಲ, ಒಬ್ಬೊಬ್ಬರೂ ಒಂದೊಂದು ಮೂಲೆ. ನರ್ಸ್ ಒಬ್ಬರ ಮಗ ಕೇಳಿದ: "ಅಮ್ಮ ಆಸ್ಪತ್ರೆಯಲ್ಲಿ ಕೆಲಸ ಮಾಡ್ತಾಳೆ ಅಂತ ನಮಗೆ ಆಟ ಇಲ್ವಾ, ಮಿಸ್?" ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಅಂಗಳದಲ್ಲಿ ಸೀಮೆಸುಣ್ಣದಿಂದ ಕುಂಟೆಬಿಲ್ಲೆಯ ಮನೆ ಬರೆದೆ, ಈ ಶಾಲೆಯ ಅಂಗಳದಲ್ಲಿ ನಾವು ಆಡುತ್ತಿದ್ದಂಥದ್ದೇ. ಒಬ್ಬೊಬ್ಬರಿಗೂ ಅವರದೇ ಬಿಲ್ಲೆ, ಅದರ ಮೇಲೆ ಹೆಸರು. ಒಬ್ಬರು ಕುಂಟುವಾಗ ಉಳಿದವರು ದೂರದ ಗೆರೆಯ ಮೇಲೆ. ಬಯಲಿನಲ್ಲಿ ಸೋಂಕು ಹರಡುವುದು ಕಡಿಮೆ. ಹಾಗಾಗಿ ಹಾಡನ್ನೂ ಹೊರಗೆ ತಂದೆ. ಒಳಗೆ ಬಂದ ಕೂಡಲೇ ಸೋಪು ಹಚ್ಚಿ ಇಪ್ಪತ್ತು ಸೆಕೆಂಡು ಕೈತೊಳೆಯುವುದು ಕಡ್ಡಾಯ.

ಅಪಾಯ ಪೂರ್ತಿ ಹೋಗಲಿಲ್ಲ. ಆದರೆ ಆಟವೇ ಬೇಡ ಎನ್ನುವ ಮುನ್ನ, ಹೇಗೆ ಆಡಬಹುದು ಎಂದು ಯೋಚಿಸಬೇಕೆಂಬುದನ್ನು ಕಲಿತೆ. ಆ ಆಟ ಕೊಟ್ಟ ಈ ಅಂಗಳಕ್ಕೆ ನಾನು ಋಣಿ.