ಮನಸ್ಸಿಲ್ಲದ ಹೊತ್ತಿನ ಪ್ರಾರ್ಥನೆ

ಪ್ರಾರ್ಥನೆಗೆ ಕೂರಲು ಮನಸ್ಸೇ ಬಾರದೆಂಬ ದೂರು ಕ್ರೈಸ್ತ ಧರ್ಮದಷ್ಟೇ ಹಳೆಯದು. ಯೇಸುವಿನ ಆಪ್ತ ಶಿಷ್ಯರೇ ಗೆತ್ಸೆಮನೆ ತೋಟದಲ್ಲಿ, ಎಚ್ಚರವಾಗಿರಿ ಎಂದು ಗುರು ಕೇಳಿಕೊಂಡ ರಾತ್ರಿಯಲ್ಲಿಯೇ, ನಿದ್ದೆಹೋದರೆಂದು ಸುವಾರ್ತೆಗಳು ಮುಚ್ಚುಮರೆಯಿಲ್ಲದೆ ದಾಖಲಿಸಿವೆ. ಮೊದಲನೆಯ ಶತಮಾನದ ಕೊನೆಯ ಸುಮಾರಿನದೆಂದು ಅನೇಕ ವಿದ್ವಾಂಸರು ಭಾವಿಸುವ ‘ದಿದಾಖೆ’, ಎಂದರೆ ‘ಬೋಧನೆ’ ಎಂಬ ಗ್ರೀಕ್ ಕಿರುಗ್ರಂಥವು, ಕನ್ನಡದ ಕಥೋಲಿಕರು ಪರಲೋಕ ಮಂತ್ರವೆಂದೂ ಪ್ರಾಟೆಸ್ಟೆಂಟರು ಕರ್ತನ ಪ್ರಾರ್ಥನೆಯೆಂದೂ ಕರೆಯುವ ಪ್ರಾರ್ಥನೆಯನ್ನು ದಿನಕ್ಕೆ 3 ಬಾರಿ ಹೇಳಬೇಕೆಂದು ವಿಧಿಸುತ್ತದೆಯೇ ಹೊರತು, ಹೇಳುವವರಿಗೆ ಆ ಹೊತ್ತಿನಲ್ಲಿ ಹುರುಪು ಇರಲೇಬೇಕೆಂಬ ಷರತ್ತನ್ನು ಹಾಕುವುದಿಲ್ಲ.

ಹುರುಪು ಮೊದಲು, ಪ್ರಾರ್ಥನೆ ಆಮೇಲೆ ಎಂಬ ಇಂದಿನ ಲೆಕ್ಕಾಚಾರ ಎಷ್ಟು ದುರ್ಬಲವೆಂಬುದು ಪೆರೇಸಂದ್ರದಿಂದ ಶಿಡ್ಲಘಟ್ಟದವರೆಗಿನ ರೇಷ್ಮೆ ಸೀಮೆಯವರಿಗೆ ಬಿಡಿಸಿ ಹೇಳಬೇಕಾದ ಸಂಗತಿಯಲ್ಲ. ಹುಳು ಮನೆಯಲ್ಲಿ ಬೆಳಗಿನ ಸೊಪ್ಪು ಹಾಕುವವರು ತಮಗೆ ಉತ್ಸಾಹವಿದೆಯೇ ಎಂದು ತಮ್ಮನ್ನು ಕೇಳಿಕೊಳ್ಳುವುದಿಲ್ಲ, ಏಕೆಂದರೆ ಹೊತ್ತು ಹುಳುವಿನದು. ಅದೇ ಹುಳು ಸುಮಾರು 25 ದಿನಗಳ ತನ್ನ ಬೆಳವಣಿಗೆಯಲ್ಲಿ 4 ಸಲ ‘ಜ್ವರ’ಕ್ಕೆ ಕೂರುತ್ತದೆ, ಜ್ವರವೆಂದರೆ ಇಲ್ಲಿ ಕಾಯಿಲೆಯಲ್ಲ, ಹಳೆಯ ಚರ್ಮವನ್ನು ಕಳಚುವ ಅವಧಿ. ಆಗ ಅದು ತಲೆಯೆತ್ತಿಕೊಂಡು ಕದಲದೆ ಕೂತಿರುತ್ತದೆ, ಎಲೆ ಮುಟ್ಟುವುದಿಲ್ಲ. ಬೆಳೆಗಾರರು ಸೊಪ್ಪು ನಿಲ್ಲಿಸಿ, ಹಾಸಿಗೆ ಒಣಗಿರಲೆಂದು ಸುಣ್ಣದ ಪುಡಿ ಉದುರಿಸಿ, ಕಾಯುತ್ತಾರೆ. ಹೊಸಬರು ಗಾಬರಿಯಾಗುವುದು ಸಹಜವಾದರೂ, ಹಾಸಿಗೆಯನ್ನು ಎತ್ತಿ ಹೊರಗೆಸೆಯುವ ಬುದ್ಧಿ ಯಾರಿಗೂ ಬರುವುದಿಲ್ಲ.

ಪ್ರಾರ್ಥಿಸುವವರ ಮನಸ್ಸು ಬರಡಾಗುವ ಇಂಥ ದಿನಗಳನ್ನು ಕ್ರೈಸ್ತ ಸಾಧಕರು ‘ಶುಷ್ಕತೆ’ ಎಂದರು. 16ನೇ ಶತಮಾನದ ಸ್ಪೇನಿನ ಶಿಲುಬೆಯ ಸಂತ ಯೋವಾನ್ನರು ಅದನ್ನು ‘ಕತ್ತಲ ರಾತ್ರಿ’ ಎಂದು ಕರೆದು, ಅದನ್ನು ಸೋಲೆನ್ನದೆ ಬೆಳವಣಿಗೆಯ ಹಂತವೆಂದೇ ಬಗೆದರು. ಹುಳುವಿನ ಹೋಲಿಕೆಯನ್ನು ಇದಕ್ಕಿಂತ ದೂರ ಎಳೆಯುವುದು ತರವಲ್ಲ, ಏಕೆಂದರೆ ಶುಷ್ಕತೆಗೆ ದಿನಗಳ ಲೆಕ್ಕವಿಲ್ಲ. ಬೈಬಲಿನ 150 ಕೀರ್ತನೆಗಳಲ್ಲಿ 88ನೆಯದು ಸಮಾಧಾನದ ಒಂದು ಮಾತೂ ಇಲ್ಲದೆ ಕತ್ತಲೆಯಲ್ಲಿಯೇ ಮುಗಿದುಬಿಡುತ್ತದೆ. ಆದರೂ ಅದನ್ನು ಸಂಕಲನದಿಂದ ಕೈಬಿಡದೆ ಆರಾಧನೆಯಲ್ಲಿ ಉಳಿಸಿಕೊಂಡ ಪರಂಪರೆಯು, ದೇವರ ಮುಂದೆ ಬೇಸರವನ್ನು ಬೇಸರವೆಂದೇ ಹೇಳುವುದೂ ಪ್ರಾರ್ಥನೆಯೆಂದು ಒಪ್ಪಿಕೊಂಡಂತಾಯಿತು.

ಪ್ರಾಮಾಣಿಕತೆಯ ಪ್ರಶ್ನೆ ಈ ಸೀಮೆಯಲ್ಲಿ ಇನ್ನೊಂದು ರೂಪದಲ್ಲಿಯೂ ಎದುರಾಗುತ್ತದೆ, ಅದು ಭಾಷೆಯದು. 18ನೇ ಶತಮಾನದ ಆರಂಭದಲ್ಲಿಯೇ ಫ್ರೆಂಚ್ ಜೆಸ್ವಿಟ್ ಪಾದ್ರಿಗಳು ತಮ್ಮ ಪತ್ರಗಳಲ್ಲಿ ಚಿನ್ನಬಳ್ಳಾಪುರವೆಂದು ಬರೆದ ಚಿಕ್ಕಬಳ್ಳಾಪುರದ ಸುತ್ತ ಅನೇಕ ಮನೆಗಳ ಮಾತು ತೆಲುಗು, ಶಾಲೆಯ ಮಾತು ಕನ್ನಡ. ಎರಡನೆಯ ವ್ಯಾಟಿಕನ್ ಮಹಾಸಭೆ (1962–65) ಲ್ಯಾಟಿನ್ನಿನ ಜಾಗದಲ್ಲಿ ಜನಭಾಷೆಗಳಿಗೆ ಪೂಜೆಯಲ್ಲಿ ಅವಕಾಶ ಕೊಟ್ಟದ್ದರಿಂದ ಕಥೋಲಿಕ ಬಲಿಪೂಜೆಯೂ ಕನ್ನಡಕ್ಕೆ ಬಂತು. ಪ್ರಾಟೆಸ್ಟೆಂಟರಿಗಾದರೋ ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ದುಡಿಮೆಯಿಂದ 1831ರ ಹೊತ್ತಿಗೇ ಇಡೀ ಬೈಬಲು ಕನ್ನಡದಲ್ಲಿ ಸಿಕ್ಕಿತ್ತು. ಇವೆಲ್ಲ ದೊಡ್ಡ ಲಾಭಗಳೇ. ಆದರೆ ಗ್ರಂಥದ ಕನ್ನಡವು ಕ್ರಮೇಣ ಪ್ರಾರ್ಥನೆಯ ಸಮವಸ್ತ್ರವಾಗಿ, ಮಗಳ ಫೀಜು, ಮಾರುಕಟ್ಟೆಯಲ್ಲಿ ಇಳಿದ ಗೂಡಿನ ಬೆಲೆ, ಅಣ್ಣತಮ್ಮಂದಿರ ಮುನಿಸು ಮುಂತಾದವು ‘ದಯಪಾಲಿಸು’, ‘ಅನುಗ್ರಹಿಸು’ಗಳ ಹಿಂದೆ ಅಡಗಿಕೊಳ್ಳುವುದೂ ಉಂಟು.

ಮಾರ್ಕನ ಸುವಾರ್ತೆ ಗ್ರೀಕಿನಲ್ಲಿದ್ದರೂ, ಗೆತ್ಸೆಮನೆಯ ಆ ರಾತ್ರಿ ಯೇಸು ದೇವರನ್ನು ಕರೆದ ‘ಅಬ್ಬಾ’ ಎಂಬ ಪದವನ್ನು ಅನುವಾದದ ಹಿಂದೆ ಮರೆಮಾಡದೆ ಅರಾಮಿಕ್ ಭಾಷೆಯಲ್ಲಿಯೇ ಉಳಿಸಿಕೊಂಡಿದೆ. ಅರಾಮಿಕ್ ಆತನ ಮನೆಮಾತು, ಅಬ್ಬಾ ಎಂದರೆ ಅಪ್ಪ. ಹಾಗಿರುವಾಗ, ಜ್ವರ ಎದ್ದ ಹುಳುವಿಗೆ ನಸುಕಿನಲ್ಲಿ ಸೊಪ್ಪು ಹರಡುವ ಪೆರೇಸಂದ್ರದ ಕಡೆಯ ವಿಶ್ವಾಸಿಯೊಬ್ಬರು, ಮನೆಯಲ್ಲಿ ತಂದೆಯನ್ನು ಕರೆಯುವಂತೆಯೇ ‘ನಾಯನಾ’ ಎಂದು ಆರಂಭಿಸಿ, ಈ ಸಲದ ಸಾಲದ ಮೊತ್ತವನ್ನು ರೂಪಾಯಿಗಳಲ್ಲಿಯೇ ಹೇಳಿ, ಮುಂದೆ ಮಾತು ಹೊಳೆಯದೆ ಸುಮ್ಮನಾಗಿ ಇನ್ನೊಂದು ಹಿಡಿ ಸೊಪ್ಪಿಗೆ ಕೈಹಾಕಿದರೂ, ಆ ಪ್ರಾರ್ಥನೆ ಅರ್ಧದಲ್ಲಿ ನಿಂತಿತೆಂದು ಹೇಳಲು ಕಾರಣವಿಲ್ಲ.